ದಂಡ ಹಾಕಲಾಗದವರ ಪಾಠ: ಅಡಿರಾಂಡಾಕ್ ಶಿಖರಗಳ ಸ್ವಯಂಸೇವಕರನ್ನು ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ ಮತ್ತು ವ್ಯಾಪ್ತಿ

ಅಮೆರಿಕದ ಕಾಡು ಬೆಟ್ಟಗಳಿಗೆ ಚಾರಣ ಹೋಗುವವರಿಗೆ ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಹೇಳಿಕೊಡುವ ಕೆಲಸದಲ್ಲಿ ದೊಡ್ಡ ಪಾಲನ್ನು ಸ್ವಯಂಸೇವಕರು ಹೊತ್ತಿದ್ದಾರೆ. ಯಾರನ್ನೂ ತಡೆಯುವ, ದಂಡ ಹಾಕುವ, ಮೊಕದ್ದಮೆ ಹೂಡುವ ಅಧಿಕಾರ ಇವರಿಗಿಲ್ಲ. ತಮ್ಮ ಊರಿನ ಶಾಲೆಯಲ್ಲಿ, ಸ್ಕೌಟ್ ದಳದಲ್ಲಿ, ಚಾರಣ ಸಂಘದಲ್ಲಿ ತರಗತಿ ನಡೆಸುತ್ತಾರೆ. ಜಾಡು ಶುರುವಾಗುವಲ್ಲಿ ಅಥವಾ ಶಿಖರದ ನೆತ್ತಿಯಲ್ಲಿ ನಿಂತು ಬಂದವರೊಡನೆ ಒಂದೆರಡು ನಿಮಿಷ ಮಾತಾಡುತ್ತಾರೆ. ಆ ಮಾತಿನಿಂದ ನೆಲದ ಮೇಲೆ ಏನಾದರೂ ಬದಲಾಗುತ್ತದೆಯೇ, ಆಗುವುದಾದರೆ ಯಾವ ಸನ್ನಿವೇಶದಲ್ಲಿ, ಎಲ್ಲಿ ಅದು ಸೋಲುತ್ತದೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ಪರಿಶೀಲನೆಗೆ ಆರಿಸಿಕೊಂಡದ್ದು ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿರುವ ಅಡಿರಾಂಡಾಕ್ ಪರ್ವತಗಳನ್ನು. ಅಲ್ಲಿ 1989ರಿಂದ ‘ಸಮ್ಮಿಟ್ ಸ್ಟೀವರ್ಡ್’ ಎಂಬ ಶಿಖರಪಾಲಕರ ಯೋಜನೆ ನಡೆದುಬಂದಿದೆ. ಪಾಲಕರಲ್ಲಿ ಕೆಲವರು ಋತುವಿನ ಮಟ್ಟಿಗೆ ಸಂಬಳ ಪಡೆಯುವವರು, ಉಳಿದವರು ತರಬೇತಿ ಪಡೆದ ಸ್ವಯಂಸೇವಕರು. ಈ ಪ್ರಕರಣವನ್ನು ಆರಿಸಲು ಎರಡು ಕಾರಣಗಳಿವೆ. ಅಲ್ಲಿ ಕಲಿಸುವ ಪಾಠವನ್ನು ಒಂದು ವಾಕ್ಯದಲ್ಲಿ ಹೇಳಿಬಿಡಬಹುದು. ಆ ಪಾಠದ ಫಲ ಜನರ ಅಭಿಪ್ರಾಯದಲ್ಲಿ ಅಡಗಿರದೆ, ಬಂಡೆಯ ಮೇಲಿನ ಹಸಿರಿನ ಹರವಿನಲ್ಲಿ ಕಣ್ಣಿಗೆ ಕಾಣುತ್ತದೆ.

ನನ್ನ ವಾದ ಇಷ್ಟು: ಸ್ವಯಂಸೇವಕರ ಮಾತು ಫಲಿಸಲು ಮೂರು ಸಂಗತಿಗಳು ಕೂಡಿಬರಬೇಕು. ಹಾನಿ ಅರಿವಿನ ಕೊರತೆಯಿಂದ ಆಗುತ್ತಿರಬೇಕು. ಮಾಡಬೇಕಾದ ಸರಿಯಾದ ಕ್ರಿಯೆ ಕೇಳುಗನ ಕಾಲಳತೆಯಲ್ಲಿ ಇರಬೇಕು. ಮಾತು ಆ ನೆಲದ ಸಸ್ಯಶಾಸ್ತ್ರದಿಂದ ಹುಟ್ಟಿರಬೇಕು. ಮೂರನೆಯದನ್ನು ಮರೆತು ಒಂದು ಊರಿನ ಪಾಠವನ್ನು ಇನ್ನೊಂದು ಊರಿಗೆ ಒಯ್ದರೆ ಒಳ್ಳೆಯ ಉದ್ದೇಶದಿಂದಲೇ ಹಾನಿಯಾದೀತು. ಇದಕ್ಕೆ ಪಶ್ಚಿಮ ಘಟ್ಟದ ಉದಾಹರಣೆಯನ್ನು ಕೊನೆಯ ಭಾಗದಲ್ಲಿ ನೋಡಲಾಗಿದೆ.

2. ಹಿನ್ನೆಲೆ: ಕಾಡಿನಲ್ಲಿ ಬದುಕುವ ಕಲೆಯಿಂದ ಕುರುಹು ಉಳಿಸದ ನೀತಿಗೆ

ಒಂದು ನೂರು ವರ್ಷಗಳ ಹಿಂದೆ ಅಮೆರಿಕದ ‘ಒಳ್ಳೆಯ ಚಾರಣಿಗ’ ಎಂದರೆ ಕೊಡಲಿ ಬಲ್ಲವನು. ‘ನೆಸ್ಮಕ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ 1884ರಲ್ಲಿ ‘ವುಡ್‌ಕ್ರಾಫ್ಟ್’ ಪುಸ್ತಕವನ್ನು ಪ್ರಕಟಿಸಿದ. ಅವನು ಹಗುರ ದೋಣಿಯಲ್ಲಿ ಸುತ್ತಿದ್ದು ಇದೇ ಅಡಿರಾಂಡಾಕ್ ಸರೋವರಗಳನ್ನು. ಹೊರೇಸ್ ಕೆಫಾರ್ಟ್‌ನ ಕ್ಯಾಂಪಿಂಗ್ ಕೈಪಿಡಿ 1906ರಲ್ಲಿ ಬಂತು. ಎಳೆಯ ರೆಂಬೆ ಕಡಿದು ಹಾಸಿಗೆ ಮಾಡಿಕೊಳ್ಳುವುದು, ಮರ ಕಡಿದು ತಂಗುದಾಣ ಕಟ್ಟುವುದು, ದೊಡ್ಡ ಬೆಂಕಿ ಹಾಕುವುದು, ಡೇರೆಯ ಸುತ್ತ ನೀರು ಹರಿಯಲು ಕಾಲುವೆ ತೋಡುವುದು ಆ ಪರಂಪರೆಯಲ್ಲಿ ಕೌಶಲ ಎನಿಸಿಕೊಂಡಿದ್ದವು. ಹೋಗುವವರು ವಿರಳವಾಗಿದ್ದ ಕಾಲದಲ್ಲಿ ಕಾಡು ಅದನ್ನು ತಾಳಿಕೊಂಡಿತು.

ಎರಡನೇ ಮಹಾಯುದ್ಧದ ನಂತರ ಕಾರು, ರಜೆ, ಹಗುರವಾದ ನೈಲಾನ್ ಡೇರೆ ಎಲ್ಲವೂ ಮಧ್ಯಮವರ್ಗದ ಕೈಗೆ ಬಂದವು. ವನ್ಯಪ್ರದೇಶಗಳಿಗೆ ಕಾನೂನಿನ ರಕ್ಷಣೆ ಕೊಟ್ಟ 1964ರ ವಿಲ್ಡರ್‌ನೆಸ್ ಕಾಯ್ದೆ ಆ ಜಾಗಗಳನ್ನು ಪ್ರಸಿದ್ಧಗೊಳಿಸಿತು ಕೂಡ. 1970ರ ದಶಕದ ಹೊತ್ತಿಗೆ ಮರ ಕಡಿಯುವ ಕಂಪನಿಗಳಿಂದ ಉಳಿಸಿದ ಕಾಡನ್ನು ಅದರ ಪ್ರೇಮಿಗಳಿಂದಲೇ ಉಳಿಸಬೇಕಾದ ಸ್ಥಿತಿ ಬಂತು. ಅರಣ್ಯ ಸೇವೆಯ ಮುಂದೆ ಎರಡು ದಾರಿಗಳಿದ್ದವು: ನಿಯಮ ಹೆಚ್ಚಿಸುವುದು, ಇಲ್ಲವೇ ಕಲಿಸುವುದು. ಸ್ವಾತಂತ್ರ್ಯವನ್ನು ಹುಡುಕಿ ಕಾಡಿಗೆ ಬರುವವನ ಮೇಲೆ ನಿಯಮ ಹೇರುವುದು ವನ್ಯಪ್ರದೇಶದ ಕಲ್ಪನೆಗೇ ವಿರೋಧ ಎಂಬ ಭಾವನೆ ಬಲವಾಗಿದ್ದುದರಿಂದ ಎರಡನೆಯ ದಾರಿಗೆ ಒಲವು ಹೆಚ್ಚಿತು.

1987ರಲ್ಲಿ ಅರಣ್ಯ ಸೇವೆ, ರಾಷ್ಟ್ರೀಯ ಉದ್ಯಾನ ಸೇವೆ ಮತ್ತು ಭೂ ನಿರ್ವಹಣಾ ಇಲಾಖೆ ಸೇರಿ ‘ಲೀವ್ ನೋ ಟ್ರೇಸ್’ ಹೆಸರಿನಲ್ಲಿ ಒಂದು ಕಿರುಹೊತ್ತಗೆಯನ್ನು ಹೊರತಂದವು. ಪಾಲ್ ಪೆಟ್ಜೋಲ್ಟ್ 1965ರಲ್ಲಿ ವಯೋಮಿಂಗ್‌ನ ಲ್ಯಾಂಡರ್‌ನಲ್ಲಿ ಸ್ಥಾಪಿಸಿದ ನ್ಯಾಷನಲ್ ಔಟ್‌ಡೋರ್ ಲೀಡರ್‌ಶಿಪ್ ಸ್ಕೂಲ್ 1990ರ ದಶಕದ ಆರಂಭದಲ್ಲಿ ಇದಕ್ಕೆ ಪಠ್ಯಕ್ರಮ ರೂಪಿಸಿತು. 1994ರಲ್ಲಿ ಲೀವ್ ನೋ ಟ್ರೇಸ್ ಲಾಭರಹಿತ ಸಂಸ್ಥೆಯಾಗಿ ಕೊಲರಾಡೊದ ಬೌಲ್ಡರ್‌ನಲ್ಲಿ ನೆಲೆಯೂರಿತು. ಇಂದು ಪ್ರಚಲಿತವಿರುವ ಏಳು ಸೂತ್ರಗಳು 1999ರ ಹೊತ್ತಿಗೆ ಸ್ಥಿರರೂಪಕ್ಕೆ ಬಂದವು: ಮುಂಚಿತವಾಗಿ ಸಿದ್ಧರಾಗುವುದು, ಸವೆಯದ ನೆಲದ ಮೇಲೆ ನಡೆಯುವುದು ಮತ್ತು ತಂಗುವುದು, ಕಸವನ್ನು ಸರಿಯಾಗಿ ವಿಲೇವಾರಿ ಮಾಡುವುದು, ಕಂಡದ್ದನ್ನು ಅಲ್ಲೇ ಬಿಡುವುದು, ಬೆಂಕಿಯ ಪರಿಣಾಮ ತಗ್ಗಿಸುವುದು, ಪ್ರಾಣಿಗಳನ್ನು ಗೌರವಿಸುವುದು, ಇತರ ಚಾರಣಿಗರನ್ನು ಗಮನದಲ್ಲಿಡುವುದು.

ಸ್ವಯಂಸೇವಕರ ದೃಷ್ಟಿಯಿಂದ ಮುಖ್ಯವಾದದ್ದು ಸೂತ್ರಗಳಿಗಿಂತ ಅವನ್ನು ಹರಡಿದ ಏರ್ಪಾಡು. ಐದು ದಿನಗಳ ‘ಮಾಸ್ಟರ್ ಎಜುಕೇಟರ್’ ತರಬೇತಿ ಪಡೆದವರು ಎರಡು ದಿನಗಳ ‘ಟ್ರೈನರ್’ ತರಬೇತಿ ಕೊಡಬಲ್ಲರು. ಆ ತರಬೇತಿ ಪಡೆದವರು ತಮ್ಮೂರಿನಲ್ಲಿ ಒಂದು ದಿನದೊಳಗಿನ ಅರಿವು ಕಾರ್ಯಾಗಾರ ನಡೆಸಬಲ್ಲರು. ಹಂತಗಳ ಹೆಸರು ಈಚೆಗೆ ಬದಲಾಗಿದೆಯಾದರೂ ಕಲಿಸುವವರನ್ನು ಮೊದಲು ಕಲಿಸುವ ಕ್ರಮ ಹಾಗೇ ಉಳಿದಿದೆ. ರಾಜ್ಯಮಟ್ಟದಲ್ಲಿ ಈ ಕೆಲಸವನ್ನು ಹೊಂದಿಸಲು ‘ಸ್ಟೇಟ್ ಅಡ್ವೊಕೇಟ್’ ಎಂಬ ಸ್ವಯಂಸೇವಕ ಹುದ್ದೆಯನ್ನೂ ಸೃಷ್ಟಿಸಲಾಯಿತು. ಈ ಏರ್ಪಾಡಿನ ಶಕ್ತಿಯೆಂದರೆ ಅಲ್ಪ ಖರ್ಚಿನಲ್ಲಿ ಬಹು ದೂರ ಹಬ್ಬುವುದು. ಅಪಾಯವೂ ಅಲ್ಲಿಂದಲೇ ಹುಟ್ಟುತ್ತದೆ: ಹಂತದಿಂದ ಹಂತಕ್ಕೆ ಇಳಿಯುವಾಗ ಕಾರಣಗಳು ಉದುರಿ, ಸೂತ್ರಗಳು ಮಾತ್ರ ಉಳಿಯಬಹುದು.

3. ಪ್ರಕರಣ: 170 ಎಕರೆ ಹಸಿರು

ಅಡಿರಾಂಡಾಕ್ ಪಾರ್ಕ್ 1892ರಲ್ಲಿ ಸ್ಥಾಪನೆಯಾಯಿತು. ಸುಮಾರು 60 ಲಕ್ಷ ಎಕರೆ ವಿಸ್ತಾರದ ಈ ಪ್ರದೇಶದ ಸರ್ಕಾರಿ ಕಾಡನ್ನು ಸದಾ ಕಾಡಾಗಿಯೇ ಉಳಿಸಬೇಕೆಂದು 1894ರ ರಾಜ್ಯ ಸಂವಿಧಾನ ವಿಧಿಸಿದೆ. ಅದರೊಳಗೆ ಮರಗಳು ಬೆಳೆಯಲಾರದಷ್ಟು ಎತ್ತರದ ಕೆಲವೇ ಶಿಖರಗಳಲ್ಲಿ, ಒಟ್ಟು ಸುಮಾರು 170 ಎಕರೆಯಷ್ಟು ಮಾತ್ರ, ಆಲ್ಪೈನ್ ಸಸ್ಯಸಮುದಾಯ ಉಳಿದುಕೊಂಡಿದೆ. ಡಯಾಪೆನ್ಸಿಯಾ, ಬಿಗೆಲೋ ಜೇಕು, ಕುಬ್ಜವಾದ ಲ್ಯಾಪ್‌ಲ್ಯಾಂಡ್ ರೋಸ್‌ಬೇ ಮುಂತಾದ ಇವು ಹಿಮಯುಗ ಸರಿದಾಗ ಉತ್ತರಕ್ಕೆ ಹಿಂದೆ ಸರಿದ ಟಂಡ್ರಾ ಸಸ್ಯಗಳ ಬಂಧುಗಳು. ಇಲ್ಲಿಂದ ಇನ್ನೂ ಮೇಲಕ್ಕೆ ಹೋಗಲು ಬೆಟ್ಟವಿಲ್ಲ. ಮಣ್ಣಿನ ಪದರ ತೆಳು, ಬೆಳೆಯುವ ಋತು ಗಿಡ್ಡ. ಬೂಟಿನ ಅಡಿ ಸಸ್ಯ ಸತ್ತರೆ ಬೇರಿನ ಹಿಡಿತ ತಪ್ಪುತ್ತದೆ, ಮಳೆ ಗಾಳಿಗಳು ಮಣ್ಣನ್ನು ಒಯ್ಯುತ್ತವೆ, ಬರೀ ಬಂಡೆ ಉಳಿಯುತ್ತದೆ. ಮಣ್ಣು ಹೋದ ಮೇಲೆ ಸಸ್ಯ ತಾನಾಗಿ ಮರಳಲು ಮನುಷ್ಯರ ತಲೆಮಾರುಗಳು ಸಾಲವು.

ಈ ಶಿಖರಗಳಿಗೆ ಜನರನ್ನು ಎಳೆದದ್ದು ಒಂದು ಎಣಿಕೆ. ಬಾಬ್ ಮಾರ್ಷಲ್, ಅವನ ಸಹೋದರ ಜಾರ್ಜ್ ಮತ್ತು ಅವರ ಮಾರ್ಗದರ್ಶಿ ಹರ್ಬ್ ಕ್ಲಾರ್ಕ್ 1918ರಿಂದ 1925ರ ನಡುವೆ 4,000 ಅಡಿ ಮೀರಿದ್ದೆಂದು ಆಗ ಎಣಿಸಲಾಗಿದ್ದ 46 ಶಿಖರಗಳನ್ನೂ ಹತ್ತಿದರು. ಆ ಪಟ್ಟಿಯನ್ನು ಪೂರೈಸುವುದು ಮುಂದೆ ಒಂದು ಗೌರವವಾಯಿತು, ‘ಅಡಿರಾಂಡಾಕ್ ಫಾರ್ಟಿ-ಸಿಕ್ಸರ್ಸ್’ ಎಂಬ ಸಂಘವೇ ಹುಟ್ಟಿತು. ರಾಜ್ಯದ ಅತಿ ಎತ್ತರದ ಶಿಖರವಾದ ಮಾರ್ಸಿಯ (1,629 ಮೀಟರ್) ನೆತ್ತಿಗೆ ಅತಿ ಹತ್ತಿರದ ಜಾಡು ಶುರುವಾಗುವಲ್ಲಿಂದ ಸುಮಾರು 12 ಕಿಲೋಮೀಟರ್ ನಡೆಯಬೇಕು. ಅಷ್ಟು ನಡೆದು ಬಂದವರು ನೆತ್ತಿಯ ಮೇಲೆ ಕುಳಿತು ಊಟ ಮಾಡುತ್ತಾರೆ, ಫೋಟೊ ತೆಗೆಯುತ್ತಾರೆ. ಹಸಿರು ಮೆತ್ತೆಯಂತೆ ಕಾಣುವ ಡಯಾಪೆನ್ಸಿಯಾವನ್ನು ಸಾಮಾನ್ಯ ಹುಲ್ಲೆಂದು ತಿಳಿದು ಅದರ ಮೇಲೆಯೇ ಕೂರುತ್ತಾರೆ. ದುರುದ್ದೇಶ ಎಂಬುದು ಇಲ್ಲಿ ಇಲ್ಲವೇ ಇಲ್ಲ.

ಇದನ್ನು ಮೊದಲು ಗಂಭೀರವಾಗಿ ಅಧ್ಯಯನ ಮಾಡಿದವನು ಸಿರಾಕ್ಯೂಸ್‌ನ ರಾಜ್ಯ ಪರಿಸರವಿಜ್ಞಾನ ಮತ್ತು ಅರಣ್ಯಶಾಸ್ತ್ರ ಕಾಲೇಜಿನ ಸಸ್ಯವಿಜ್ಞಾನಿ ಎಡ್ವಿನ್ ಕೆಚ್‌ಲೆಜ್. 1960ರ ದಶಕದಿಂದ ಅವನು ಶಿಖರಗಳ ಸವೆತವನ್ನು ಚಿತ್ರಗಳಲ್ಲಿ ದಾಖಲಿಸಿದ. ಬೋಳಾದ ಜಾಗದಲ್ಲಿ ಹುಲ್ಲಿನ ಬೀಜ, ಸುಣ್ಣ, ಗೊಬ್ಬರ ಹಾಕಿ ಪ್ರಯೋಗ ನಡೆಸಿದ. ಹೊರಗಿನ ಆ ಹುಲ್ಲು ಮಣ್ಣನ್ನು ಹಿಡಿದಿಟ್ಟಿತು. ಅದರ ಆಸರೆಯಲ್ಲಿ ಪಾಚಿ, ಆಮೇಲೆ ಸ್ಥಳೀಯ ಸಸ್ಯಗಳು ಬಂದವು. ಗೊಬ್ಬರ ನಿಂತ ಮೇಲೆ ಹುಲ್ಲು ಕ್ರಮೇಣ ಹಿಂದೆ ಸರಿಯಿತು. ಬೀಜ ಗೊಬ್ಬರಗಳ ಮೂಟೆಗಳನ್ನು ಬೆನ್ನ ಮೇಲೆ ಹೊತ್ತು ಶಿಖರಕ್ಕೆ ಏರಿಸಿದವರಲ್ಲಿ ಫಾರ್ಟಿ-ಸಿಕ್ಸರ್ಸ್ ಸಂಘದವರೇ ಹೆಚ್ಚು. ಪಟ್ಟಿ ಮುಗಿಸುವ ಹುಮ್ಮಸ್ಸಿನಲ್ಲಿ ಸವೆತಕ್ಕೆ ಕಾರಣವಾದ ಸಮುದಾಯವೇ ಅದನ್ನು ತುಂಬುವ ಕೈಯೂ ಆಯಿತು.

ನೆಟ್ಟಿದ್ದು ಉಳಿಯಬೇಕಾದರೆ ತುಳಿತ ನಿಲ್ಲಬೇಕು. ಈ ಸರಳ ಅಗತ್ಯದಿಂದ 1989ರಲ್ಲಿ ಅಡಿರಾಂಡಾಕ್ ಮೌಂಟನ್ ಕ್ಲಬ್, ನೇಚರ್ ಕನ್ಸರ್ವೆನ್ಸಿಯ ಅಡಿರಾಂಡಾಕ್ ಶಾಖೆ ಮತ್ತು ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆ ಜೊತೆಗೂಡಿ ಶಿಖರಪಾಲಕರ ಯೋಜನೆಯನ್ನು ಆರಂಭಿಸಿದವು. ಬೇಸಿಗೆಯಿಂದ ಶರತ್ಕಾಲದವರೆಗೆ ಮಾರ್ಸಿ, ಆಲ್ಗೊನ್ಕ್ವಿನ್ ಮುಂತಾದ ಜನ ಹೆಚ್ಚು ಬರುವ ಶಿಖರಗಳಲ್ಲಿ ಪಾಲಕರು ನಿಲ್ಲುತ್ತಾರೆ. ಹೇಳುವ ಪಾಠ: ಗಟ್ಟಿ ಬಂಡೆಯ ಮೇಲೆಯೇ ಹೆಜ್ಜೆ ಇಡಿ.

ಪಾಲಕರ ಕೆಲಸ ಮಾತಿನಲ್ಲೇ ಮುಗಿಯುವುದಿಲ್ಲ. ಜಾಡಿನ ಎರಡೂ ಬದಿಗೆ ಮೊಣಕಾಲಿಗಿಂತ ಕೆಳಗಿನ ಕಲ್ಲುಸಾಲು ಜೋಡಿಸುವುದು, ಮಂಜಿನಲ್ಲೂ ದಾರಿ ಕಾಣುವಂತೆ ಕಲ್ಲಿನ ಗುಪ್ಪೆಗಳನ್ನು ಕಟ್ಟುವುದು, ಬೋಳು ಮಣ್ಣಿನ ಮೇಲೆ ಸಣ್ಣ ಕಲ್ಲು ಹರಡಿ ಸವೆತ ತಡೆಯುವುದೂ ಅದರಲ್ಲಿ ಸೇರಿವೆ. ಇದಕ್ಕೆ ಬೇಕಾದ ಕಲ್ಲನ್ನು ಜಾಡಿನ ಆರಂಭದಲ್ಲಿ ರಾಶಿ ಹಾಕಿ, ಹತ್ತುವವರು ತಮಗೆ ಆಗುವಷ್ಟನ್ನು ಹೊತ್ತೊಯ್ಯುವಂತೆ ಕೋರುವ ರೂಢಿಯೂ ಇದೆ. ಕಲ್ಲು ಹೊತ್ತು ಬಂದವನಿಗೆ ಶಿಖರದ ಮೇಲೆ ಯಾರೂ ಹೆಚ್ಚು ಬೋಧಿಸಬೇಕಾಗಿಲ್ಲ. ಆ ಜಾಗದ ಮೇಲೆ ಅವನ ಬೆವರಿನ ಪಾಲು ಬಿದ್ದಿರುತ್ತದೆ.

4. ಮಾತಿನ ಕಟ್ಟಡ

ಅಧಿಕಾರವಿಲ್ಲದವನು ಅಪರಿಚಿತನನ್ನು ತಿದ್ದುವುದು ಹೇಗೆ? ಈ ಪ್ರಶ್ನೆಗೆ ಅಮೆರಿಕದ ವನ್ಯಪ್ರದೇಶ ನಿರ್ವಹಣೆಯಲ್ಲಿ ಸಿಕ್ಕ ಉತ್ತರಗಳಲ್ಲಿ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಜಾರ್ಜ್ ವಾಲೇಸ್ 1990ರ ಸುಮಾರಿಗೆ ಮಂಡಿಸಿದ ವಿಧಾನ ಹೆಚ್ಚು ಬಳಕೆಯಲ್ಲಿದೆ. ವಾಲೇಸ್ ಹೇಳುವುದರ ತಿರುಳು: ನಿಯಮದ ಹೆಸರಿನಲ್ಲಿ ಮಾತಾಡಬೇಡಿ, ನೆಲದ ಹೆಸರಿನಲ್ಲಿ ಮಾತಾಡಿ. ಮೊದಲು ಕಂಡದ್ದನ್ನು ನಿರ್ವಿಕಾರವಾಗಿ ಹೇಳಬೇಕು, ಆಮೇಲೆ ಅದರಿಂದ ಆ ಸಸ್ಯಕ್ಕೋ ಪ್ರಾಣಿಗೋ ಏನಾಗುತ್ತದೆಂದು ವಿವರಿಸಬೇಕು, ಕೊನೆಗೆ ಬದಲಿಗೆ ಏನು ಮಾಡಬಹುದೆಂದು ತೋರಿಸಬೇಕು. ಹೀಗೆ ಮಾಡಿದಾಗ ಇಬ್ಬರೂ ಪರಸ್ಪರ ಎದುರಾಳಿಗಳಾಗದೆ ಒಂದು ಗಿಡದ ಮುಂದೆ ಒಟ್ಟಿಗೆ ಬಗ್ಗಿ ನೋಡುವವರಾಗುತ್ತಾರೆ. ಈ ವಿಧಾನ ಸಮವಸ್ತ್ರ ತೊಟ್ಟ ಸಿಬ್ಬಂದಿಗೂ ಉಪಯುಕ್ತ. ಆದರೆ ಸ್ವಯಂಸೇವಕನಿಗೆ ಇದು ಆಯ್ಕೆಯ ವಿಷಯವೇ ಅಲ್ಲ, ಬೇರೆ ದಾರಿ ಅವನಿಗಿಲ್ಲ. ದಂಡ ಹಾಕಲಾಗದ ಕೊರತೆಯೇ ಅವನನ್ನು ಕಾರಣ ಕೊಟ್ಟು ಮಾತಾಡುವವನನ್ನಾಗಿ ಮಾಡುತ್ತದೆ ಎಂಬುದು ಗಮನಿಸಬೇಕಾದ ಅಂಶ.

ಹೇಳುವ ರೀತಿ ತಪ್ಪಿದರೆ ಮಾತು ತಿರುಗಿ ಬೀಳುತ್ತದೆ ಎಂಬುದಕ್ಕೆ ಅರಿಜೋನಾದ ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಸಾಕ್ಷಿ. ಅಲ್ಲಿ ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದಿನ, ಕಲ್ಲಾಗಿ ಮಾರ್ಪಟ್ಟ ಮರದ ತುಣುಕುಗಳನ್ನು ಪ್ರವಾಸಿಗರು ಜೇಬಿಗಿಳಿಸುತ್ತಿದ್ದರು. ಹಿಂದೆ ಬಂದವರಲ್ಲಿ ಬಹಳ ಮಂದಿ ತುಣುಕುಗಳನ್ನು ಒಯ್ದು ಉದ್ಯಾನದ ಸ್ವರೂಪವನ್ನೇ ಕೆಡಿಸಿದ್ದಾರೆ ಎಂದು ದುಃಖಿಸುವ ಫಲಕ ಇಟ್ಟ ಹಾದಿಯಲ್ಲಿ, ಗುರುತು ಹಾಕಿಟ್ಟ ತುಣುಕುಗಳ ಪೈಕಿ ಶೇ 7.92ರಷ್ಟು ಕಳವಾದವು. ದಯವಿಟ್ಟು ಒಯ್ಯಬೇಡಿ ಎಂದಷ್ಟೇ ಕೋರುವ ಫಲಕವಿದ್ದಾಗ ಕಳವು ಶೇ 1.67. ತಪ್ಪು ವ್ಯಾಪಕವಾಗಿದೆ ಎಂದು ಹಲುಬುವ ಮಾತು ಕೇಳುಗನಿಗೆ ಎರಡು ಸುದ್ದಿ ಒಟ್ಟಿಗೆ ಮುಟ್ಟಿಸುತ್ತದೆ: ಇದು ಕೆಟ್ಟದ್ದು, ಆದರೆ ಎಲ್ಲರೂ ಮಾಡುತ್ತಾರೆ. ಎರಡನೆಯದೇ ಕಾಲಿಗೆ ಹೆಚ್ಚು ಬೇಗ ತಲುಪುತ್ತದೆ. ಕಸದ ರಾಶಿಯ ಚಿತ್ರ ತೋರಿಸಿ ಜನರನ್ನು ನಾಚಿಸಲು ಹೊರಡುವ ಅಭಿಯಾನಗಳು ಈ ಫಲಿತಾಂಶವನ್ನು ಗಂಭೀರವಾಗಿ ಪರಿಗಣಿಸಬೇಕು.

ಇನ್ನೊಂದು ಉಪಯುಕ್ತ ಚೌಕಟ್ಟು ಜಾನ್ ಹೆಂಡಿ, ಜಾರ್ಜ್ ಸ್ಟಾಂಕಿ, ರಾಬರ್ಟ್ ಲ್ಯೂಕಸ್ ಅವರ ವನ್ಯಪ್ರದೇಶ ನಿರ್ವಹಣೆಯ ಪಠ್ಯಗ್ರಂಥದಲ್ಲಿ ಸಿಗುತ್ತದೆ. ಸಂದರ್ಶಕರ ಅನುಚಿತ ಕ್ರಿಯೆಗಳನ್ನು ಅವರು ಐದಾಗಿ ವಿಂಗಡಿಸುತ್ತಾರೆ: ಕಾನೂನುಬಾಹಿರವಾದವು, ಅಜಾಗ್ರತೆಯವು, ಕೌಶಲವಿಲ್ಲದೆ ಆಗುವವು, ತಿಳಿಯದೆ ಆಗುವವು, ಮತ್ತು ತಪ್ಪಿಸಲಾಗದವು. ಮೊದಲನೆಯದಕ್ಕೆ ಬೇಕಾದ್ದು ಕಾನೂನಿನ ಕೈ. ಕೊನೆಯದಕ್ಕೆ, ಎಂದರೆ ಎಷ್ಟೇ ಎಚ್ಚರದಿಂದ ನಡೆದರೂ ನಡೆಯುವುದರಿಂದಲೇ ಆಗುವ ಸವೆತಕ್ಕೆ, ಸಂಖ್ಯೆಯ ಮಿತಿ ಬಿಟ್ಟರೆ ಬೇರೆ ಮದ್ದಿಲ್ಲ. ಶಿಕ್ಷಣಕ್ಕೆ ದಕ್ಕುವುದು ನಡುವಿನ ಮೂರು. ಡಯಾಪೆನ್ಸಿಯಾದ ಮೇಲೆ ಕೂರುವವನು ತಿಳಿಯದೆ ತಪ್ಪು ಮಾಡುವವರ ಶುದ್ಧ ಉದಾಹರಣೆ. ಅವನ ಪಕ್ಕದಲ್ಲೇ ಕೂರಲು ಬಂಡೆಯೂ ಇದೆ. ಶಿಖರಪಾಲಕರ ಯೋಜನೆ ಗೆದ್ದದ್ದರ ಹಿಂದೆ ಅವರ ವಾಕ್ಚಾತುರ್ಯಕ್ಕಿಂತ ಸಮಸ್ಯೆಯ ಈ ಸ್ವರೂಪದ ಪಾಲು ದೊಡ್ಡದು ಎಂದು ನನ್ನ ಅಭಿಪ್ರಾಯ.

5. ಸಾಕ್ಷ್ಯ ಮತ್ತು ಅದರ ತೂಕ

ಕೆಚ್‌ಲೆಜ್ ಮತ್ತು ಇತರರು ಹಿಂದೆ ತೆಗೆದಿದ್ದ ಚಿತ್ರಗಳ ಅದೇ ಜಾಗ, ಅದೇ ಕೋನದಿಂದ ದಶಕಗಳ ನಂತರ ಮತ್ತೆ ಚಿತ್ರ ತೆಗೆದು ಸಸ್ಯಗಳ ಹರವನ್ನು ಹೋಲಿಸುವ ಕೆಲಸ ಈ ಶಿಖರಗಳಲ್ಲಿ ಕ್ರಮಬದ್ಧವಾಗಿ ನಡೆದಿದೆ. ಪಾಲಕರು ನಿಲ್ಲಲು ಆರಂಭಿಸಿದ ನಂತರದ ಅವಧಿಯಲ್ಲಿ, ಬರುವವರ ಸಂಖ್ಯೆ ಏರಿದರೂ, ಹಲವು ಶಿಖರಗಳಲ್ಲಿ ಹಸಿರು ಮರಳಿರುವುದು ಈ ಹೋಲಿಕೆಗಳಲ್ಲಿ ಕಾಣುತ್ತದೆ. ಇದು ಸಣ್ಣ ಸಂಗತಿಯಲ್ಲ. ಸಂಖ್ಯೆ ಏರಿದಂತೆ ನೆಲ ಕೆಡುವುದೇ ಸಹಜವೆಂಬ ಎಣಿಕೆಗೆ ಇದು ಅಪವಾದ.

ಆದರೆ ಈ ಸಾಕ್ಷ್ಯವನ್ನು ತೂಗುವಾಗ ಒಂದು ಎಚ್ಚರ ಬೇಕು. ಪಾಲಕರ ಮಾತು ಬಂದ ಕಾಲದಲ್ಲೇ ಕಲ್ಲುಸಾಲು, ಕಲ್ಲಿನ ಗುಪ್ಪೆ, ಬೀಜ ಬಿತ್ತನೆ, ಸುಧಾರಿತ ಜಾಡು ಎಲ್ಲವೂ ಬಂದವು. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಚಿತ್ರ ಹೇಳಲಾರದು. ಬಿಡಿಸಿ ನೋಡಬೇಕಾದರೆ ಮಾತು ಮಾತ್ರ ಇರುವ ಶಿಖರ, ಕಲ್ಲುಸಾಲು ಮಾತ್ರ ಇರುವ ಶಿಖರ, ಎರಡೂ ಇಲ್ಲದ ಶಿಖರಗಳನ್ನು ಹೋಲಿಸಬೇಕು. ಅಳಿವಿನಂಚಿನ ಸಸ್ಯಗಳಿರುವಲ್ಲಿ ಅಂಥ ಪ್ರಯೋಗಕ್ಕೆ ನೈತಿಕ ಅಡ್ಡಿಯಿದೆ. ಜೆಫ್ರಿ ಮೇರಿಯನ್ ಮತ್ತು ಸ್ಕಾಟ್ ರೀಡ್ ಹಲವು ಸಂರಕ್ಷಿತ ಪ್ರದೇಶಗಳ ಶಿಕ್ಷಣ ಕಾರ್ಯಕ್ರಮಗಳ ಅಧ್ಯಯನಗಳನ್ನು ಒಟ್ಟುಮಾಡಿ 2007ರಲ್ಲಿ ಪ್ರಕಟಿಸಿದ ಸಮೀಕ್ಷೆ ಇಲ್ಲಿ ಪೂರಕವಾಗಿ ನಿಲ್ಲುತ್ತದೆ. ಇಂಥ ಕಾರ್ಯಕ್ರಮಗಳು ಬಹುಮಟ್ಟಿಗೆ ಫಲ ಕೊಡುತ್ತವೆ ಎಂಬುದು ಅವರ ಒಟ್ಟು ನಿಲುವು. ಅಡಿರಾಂಡಾಕ್‌ನ ಪಾಠವನ್ನು ಹೀಗೆ ಹೇಳಬಹುದು: ಕಲ್ಲುಸಾಲು ಎಲ್ಲಿ ನಡೆಯಬೇಕೆಂದು ತೋರಿಸುತ್ತದೆ, ಪಾಲಕ ಏಕೆಂದು ಹೇಳುತ್ತಾನೆ. ಒಂದನ್ನು ಬಿಟ್ಟು ಇನ್ನೊಂದನ್ನು ಅಳೆಯಲು ಹೋಗುವುದಕ್ಕಿಂತ ಎರಡನ್ನೂ ಒಂದೇ ಏರ್ಪಾಡಿನ ಭಾಗಗಳಾಗಿ ನೋಡುವುದು ಹೆಚ್ಚು ಸರಿ.

6. ಮಾತು ಸೋಲುವಲ್ಲಿ

ವಿಹಾರ ಪರಿಸರವಿಜ್ಞಾನದಲ್ಲಿ ಡೇವಿಡ್ ಕೋಲ್ ಮತ್ತಿತರರ ದಶಕಗಳ ಕೆಲಸದಿಂದ ಸ್ಥಿರಪಟ್ಟ ಒಂದು ತತ್ವವಿದೆ. ತುಳಿತ ಹೆಚ್ಚಿದಂತೆ ಹಾನಿಯೂ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಮೊದಲ ಕೆಲವು ತುಳಿತಗಳೇ ಹೆಚ್ಚಿನ ಹಾನಿ ಮಾಡಿಬಿಡುತ್ತವೆ, ನಂತರದವು ಅಷ್ಟಕ್ಕಷ್ಟೇ ಸೇರಿಸುತ್ತವೆ. ಆದ್ದರಿಂದಲೇ ಈಗಾಗಲೇ ಸವೆದ ಜಾಡಿನಲ್ಲಿ ಎಲ್ಲರೂ ಒಟ್ಟಾಗಿ ನಡೆಯಬೇಕು, ಜಾಡೇ ಇಲ್ಲದ ಕಡೆ ಚದುರಿ ನಡೆಯಬೇಕು ಎಂಬ, ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುವ ಎರಡು ಸಲಹೆಗಳು ಲೀವ್ ನೋ ಟ್ರೇಸ್ ಪಠ್ಯದಲ್ಲಿವೆ.

ಸ್ವಯಂಸೇವಕರ ಶಿಕ್ಷಣಕ್ಕೆ ಈ ತತ್ವ ಒಡ್ಡುವ ಸವಾಲನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ದಿನಕ್ಕೆ 100 ಮಂದಿ ಬರುವ ಶಿಖರದಲ್ಲಿ ಅರ್ಧದಷ್ಟು ಜನ ಜಾಡು ಬಿಡುತ್ತಾರೆ ಎನ್ನೋಣ; ತಪ್ಪಿ ನಡೆದವರು 50. ಶಿಕ್ಷಣದಿಂದ ಆ ಪ್ರಮಾಣ ಶೇ 5ಕ್ಕೆ ಇಳಿಯಿತು, ಅದು ಅಸಾಧಾರಣ ಯಶಸ್ಸು. ಅಷ್ಟರಲ್ಲಿ ಬರುವವರು 1,000 ಆದರೆ ತಪ್ಪಿ ನಡೆದವರು ಮತ್ತೆ 50. ಕೆಲವೇ ಹೆಜ್ಜೆಗಳು ಸಾಕಾಗುವ ನೆಲದಲ್ಲಿ ಶೇಕಡಾವಾರು ಯಶಸ್ಸಿಗೆ ಅರ್ಥವಿಲ್ಲ, ಸಸ್ಯಕ್ಕೆ ಗೊತ್ತಾಗುವುದು ಒಟ್ಟು ಹೆಜ್ಜೆಗಳ ಲೆಕ್ಕ ಮಾತ್ರ. ಆದ್ದರಿಂದ ಸಂಖ್ಯೆಯ ಪ್ರಶ್ನೆಯನ್ನು ಶಿಕ್ಷಣದ ಹೆಗಲಿಗೆ ಹಾಕುವುದು ತಪ್ಪು.

ಅಡಿರಾಂಡಾಕ್‌ನಲ್ಲೂ ನಿಯಮಗಳು ಮಾತಿನ ಜೊತೆಗೇ ನಡೆದಿವೆ. ಮಾರ್ಸಿ ಮುಂತಾದ ಶಿಖರಗಳಿರುವ ಹೈ ಪೀಕ್ಸ್ ವನ್ಯಪ್ರದೇಶಕ್ಕೆ 1999ರಲ್ಲಿ ಒಪ್ಪಿತವಾದ ನಿರ್ವಹಣಾ ಯೋಜನೆ ಹಗಲು ಚಾರಣದ ಗುಂಪಿಗೆ 15, ರಾತ್ರಿ ತಂಗುವ ಗುಂಪಿಗೆ 8 ಜನರ ಮಿತಿ ಹಾಕಿತು. ಕರಡಿಗಳಿಂದ ಆಹಾರವನ್ನು ಕಾಪಾಡುವ ಗಟ್ಟಿ ಡಬ್ಬಿಯನ್ನು ಒಯ್ಯುವುದು ಪೂರ್ವ ಹೈ ಪೀಕ್ಸ್‌ನಲ್ಲಿ ತಂಗುವವರಿಗೆ 2005ರಲ್ಲಿ ಕಡ್ಡಾಯವಾಯಿತು. ಖಾಸಗಿ ಒಡೆತನದ ಅಡಿರಾಂಡಾಕ್ ಮೌಂಟನ್ ರಿಸರ್ವ್ ಮೂಲಕ ಹಾಯುವ ಜಾಡುಗಳಿಗೆ 2021ರಿಂದ ಮುಂಗಡ ಕಾಯ್ದಿರಿಸುವ ಪದ್ಧತಿ ಬಂತು. ವಾಹನ ನಿಲುಗಡೆ 70 ಕಾರುಗಳಿಗೆ ಸೀಮಿತವಾಯಿತು. ಈ ಕ್ರಮಗಳನ್ನು ಸ್ವಯಂಸೇವಕರ ಸೋಲೆಂದು ಓದಬೇಕಿಲ್ಲ. ತಪ್ಪಿಸಲಾಗದ ಹಾನಿ ಅವರ ಪಾಲಿನ ಕೆಲಸ ಆಗಿರಲೇ ಇಲ್ಲ.

ಇದಕ್ಕಿಂತ ಆಳದ ಆಕ್ಷೇಪ ಇನ್ನೊಂದಿದೆ. ಇತಿಹಾಸಕಾರ ಜೇಮ್ಸ್ ಮಾರ್ಟನ್ ಟರ್ನರ್ 2002ರ ಒಂದು ಲೇಖನದಲ್ಲಿ, ಕೊಡಲಿಯ ಕೌಶಲ ಹೋಗಿ ಗ್ಯಾಸ್ ಒಲೆ, ನೈಲಾನ್ ಡೇರೆಗಳ ನೀತಿ ಬಂದಾಗ ಚಾರಣಿಗ ಗ್ರಾಹಕನೂ ಆದ ಎಂದು ತೋರಿಸಿದ. ಗ್ರೆಗರಿ ಸೈಮನ್ ಮತ್ತು ಪೀಟರ್ ಅಲಗೋನಾ 2009ರಲ್ಲಿ ಈ ಎಳೆಯನ್ನು ಮುಂದುವರಿಸಿ, ಕಾಡಿನಲ್ಲಿ ಕುರುಹು ಉಳಿಸದವನು ಆ ಸಲಕರಣೆ ತಯಾರಾಗುವ, ಸಾಗಿ ಬರುವ, ಎಸೆಯಲ್ಪಡುವ ದೂರದ ಜಾಗಗಳಲ್ಲಿ ಉಳಿಸುವ ಕುರುಹನ್ನು ಈ ನೀತಿ ಕಾಣದಂತೆ ಮಾಡುತ್ತದೆ ಎಂದರು. ಆಕ್ಷೇಪ ನ್ಯಾಯವಾದದ್ದೇ. ಆದರೆ ಅದು ತಟ್ಟುವುದು ಲೀವ್ ನೋ ಟ್ರೇಸ್ ಒಂದು ಸಮಗ್ರ ಪರಿಸರ ನೀತಿ ಎಂದು ಹೇಳಿಕೊಂಡಾಗ. ಈ ಜಾಗದಲ್ಲಿ ಈ ಗಿಡವನ್ನು ತುಳಿಯಬೇಡಿ ಎಂಬ ಶಿಖರಪಾಲಕನ ಸೀಮಿತ ಕೋರಿಕೆಯನ್ನು ಅದು ಅಲುಗಿಸುವುದಿಲ್ಲ. ಪಾಠದ ವ್ಯಾಪ್ತಿ ಕಿರಿದಾದಷ್ಟೂ ಅದರ ನೆಲೆ ಗಟ್ಟಿ.

7. ಪಶ್ಚಿಮ ಘಟ್ಟಕ್ಕೆ ಏನನ್ನು ತರಬಹುದು

ಕರ್ನಾಟಕದಲ್ಲಿ ಚಾರಣದ ಜನಸಂದಣಿ ಸಾರ್ವಜನಿಕ ಚರ್ಚೆಗೆ ಬಂದದ್ದು 2024ರ ಗಣರಾಜ್ಯೋತ್ಸವದ ವಾರಾಂತ್ಯದಲ್ಲಿ, ಕುಮಾರಪರ್ವತದ ಕಿಕ್ಕಿರಿದ ದೃಶ್ಯಗಳು ಹರಿದಾಡಿದಾಗ. ಆನ್‌ಲೈನ್ ಕಾಯ್ದಿರಿಸುವ ವ್ಯವಸ್ಥೆಯಿಲ್ಲದ ಚಾರಣಗಳನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಆರಂಭವಾಯಿತು. ಒಂದು ಚಾರಣಪಥಕ್ಕೆ ದಿನಕ್ಕೆ 300 ಮಂದಿಯ ಮಿತಿ ಬಂತು. ಹಿಂದಿನ ಭಾಗದ ಲೆಕ್ಕದ ಬೆಳಕಿನಲ್ಲಿ ನೋಡಿದರೆ ಇದು ಸರಿಯಾದ ಮೊದಲ ಹೆಜ್ಜೆ. ಸಂಖ್ಯೆಗೆ ಕಟ್ಟು ಬಿದ್ದ ಮೇಲೆ ಮಾತಿಗೆ ಕೆಲಸ ಉಳಿಯುತ್ತದೆ: ಒಳಗೆ ಬಿಟ್ಟ ಆ 300 ಮಂದಿಗೆ ಯಾರು, ಏನು ಕಲಿಸಬೇಕು?

ಏನು ಎಂಬ ಪ್ರಶ್ನೆ ಮೊದಲು. ಲೀವ್ ನೋ ಟ್ರೇಸ್ ಪಠ್ಯ ಸವೆಯದ ನೆಲದ ಪಟ್ಟಿಯಲ್ಲಿ ಬಂಡೆ, ಜಲ್ಲಿ, ಒಣಹುಲ್ಲು, ಹಿಮವನ್ನು ಹೆಸರಿಸುತ್ತದೆ. ಇದನ್ನು ಹಾಗೇ ಅನುವಾದಿಸಿ ಹಂಚಿದರೆ ಘಟ್ಟದಲ್ಲಿ ಎರಡು ಕಡೆ ಎಡವುತ್ತೇವೆ. ಕುದುರೆಮುಖ ಸುತ್ತಿನ ಶೋಲಾ ಹುಲ್ಲುಗಾವಲಿನಲ್ಲಿ ಬೇಸಿಗೆಯ ಹುಲ್ಲು ತುಳಿತ ತಾಳಬಹುದು. ಚಾರಣಿಗರಿಗೆ ಪ್ರಿಯವಾದ ಮಳೆಗಾಲದಲ್ಲಿ ಅದೇ ಇಳಿಜಾರಿನ ಮಣ್ಣು ನೀರು ಕುಡಿದು ಮೆತ್ತಗಾಗಿರುತ್ತದೆ. ಕೆಸರು ತಪ್ಪಿಸಲು ಒಬ್ಬರು ಪಕ್ಕಕ್ಕೆ ಕಾಲಿಟ್ಟರೆ ಜಾಡು ಅಗಲವಾಗುತ್ತದೆ, ಆಮೇಲೆ ಮಳೆನೀರಿಗೆ ಅದೇ ಕಾಲುವೆ. ಅಲ್ಲಿನ ಪಾಠ ಕೆಸರಿನಲ್ಲಿಯೇ ನೇರವಾಗಿ ನಡೆಯಿರಿ ಎಂದಿರಬೇಕು.

ಇದಕ್ಕಿಂತ ತೀಕ್ಷ್ಣವಾದ ಉದಾಹರಣೆ ಮುರಕಲ್ಲಿನ ಹಾಸುಗಳದ್ದು. ಮಹಾರಾಷ್ಟ್ರದ ಸಾತಾರ ಜಿಲ್ಲೆಯ ಕಾಸ್ ಪ್ರಸ್ಥಭೂಮಿ 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲೊಂದು. ನಮ್ಮ ಕರಾವಳಿಯ ಪದವುಗಳೂ ಇದೇ ಬಗೆಯ ನೆಲ. ಬೇಸಿಗೆಯಲ್ಲಿ ಬರಡಾಗಿ ಕಾಣುವ ಈ ಕಲ್ಲಿನ ಮೇಲೆ ಮಳೆ ಬಿದ್ದೊಡನೆ ಎರಿಯೊಕಾಲಾನ್, ಯುಟ್ರಿಕ್ಯುಲೇರಿಯಾ, ಕೀಟ ಹಿಡಿಯುವ ಡ್ರೊಸೆರಾಗಳು ಬೆರಳುದ್ದವೂ ಇಲ್ಲದಂತೆ ಬೆಳೆದು, ಹೂಬಿಟ್ಟು, ಕೆಲವೇ ತಿಂಗಳಲ್ಲಿ ಜೀವನ ಮುಗಿಸುತ್ತವೆ. ಅಡಿರಾಂಡಾಕ್‌ನಲ್ಲಿ ಸಸ್ಯವನ್ನು ಉಳಿಸಿದ ‘ಬಂಡೆಯ ಮೇಲೆ ನಡೆಯಿರಿ’ ಎಂಬ ಪಾಠ ಇಲ್ಲಿ ಸಸ್ಯವನ್ನು ನೇರವಾಗಿ ಬೂಟಿನಡಿಗೆ ಹಾಕುತ್ತದೆ. ಮಳೆಗಾಲದ ಮುರಕಲ್ಲಿನಲ್ಲಿ ಕಲ್ಲೇ ತೋಟ.

ಯಾರು ಎಂಬ ಪ್ರಶ್ನೆಗೆ ಉತ್ತರವೂ ಭಿನ್ನವಾಗಬೇಕು. ಅಡಿರಾಂಡಾಕ್‌ನಲ್ಲಿ ಕಲಿಸಿದವರು ಹತ್ತುವವರ ಸಮುದಾಯದವರೇ ಆದ್ದರಿಂದ ಅವರ ಮಾತಿಗೆ ಬೆಲೆ ಬಂತು. ನಮ್ಮಲ್ಲಿ ಶನಿವಾರ ಬೆಂಗಳೂರಿನಿಂದ ಬಂದು ಭಾನುವಾರ ಹೊರಡುವವರಿಗಿಂತ ಆ ಬೆಟ್ಟವನ್ನು ಚೆನ್ನಾಗಿ ಬಲ್ಲ, ವರ್ಷವಿಡೀ ಅದನ್ನು ನೋಡುವ ಊರಿನ ಯುವಕ ಯುವತಿಯರು ಮಾರ್ಗದರ್ಶಿಗಳಾಗಿ ಚಾರಣಿಗರ ಜೊತೆ ನಡೆಯುತ್ತಾರೆ. ಅವರಿಗೆ ಯಾವ ಹಾದಿ ಯಾವ ತಿಂಗಳಲ್ಲಿ ಜಾರುತ್ತದೆ, ಎಲ್ಲಿ ಜಿಗಣೆ ಹೆಚ್ಚು, ಎಲ್ಲಿ ಕಾಟಿ ಇಳಿಯುತ್ತದೆ ಎಂಬುದು ಗೊತ್ತು. ನಗರದ ಚಾರಣ ಸಂಘಗಳ ಸ್ವಯಂಸೇವಕರು ಹೊರಡುವ ಮುನ್ನ ತಮ್ಮ ಸದಸ್ಯರಿಗೆ ಕಲಿಸುವುದು, ನೆಲದ ಮೇಲಿನ ಪಾಠವನ್ನು ಊರಿನ ಮಾರ್ಗದರ್ಶಿಗೆ ಬಿಡುವುದು, ಅದಕ್ಕೆ ತಕ್ಕ ತರಬೇತಿ ಮತ್ತು ಸಂಭಾವನೆ ಅವರಿಗೆ ಸಿಗುವುದು ಇಲ್ಲಿಗೆ ಹೊಂದುವ ಹಂಚಿಕೆ ಎಂದು ತೋರುತ್ತದೆ.

8. ಉಪಸಂಹಾರ

ಅಡಿರಾಂಡಾಕ್ ಪ್ರಕರಣದಲ್ಲಿ ಮೊದಲು ಸಸ್ಯವಿಜ್ಞಾನಿಯೊಬ್ಬ ದಶಕಗಳ ಕಾಲ ಒಂದೇ ನೆಲವನ್ನು ನೋಡಿದ; ಅವನು ಕಂಡದ್ದನ್ನು ಒಂದು ವಾಕ್ಯಕ್ಕೆ ಇಳಿಸಲಾಯಿತು; ಆ ವಾಕ್ಯವನ್ನು ಹೇಳಲು ಜನರನ್ನು ತಯಾರು ಮಾಡಲಾಯಿತು; ಹೇಳಿದ್ದು ಫಲಿಸಿತೇ ಎಂದು ಅದೇ ಚೌಕಟ್ಟಿನ ಚಿತ್ರಗಳಿಂದ ನೋಡಲಾಯಿತು. ನಮ್ಮಲ್ಲಿ ಬಹಳಷ್ಟು ಅಭಿಯಾನಗಳು ಮೂರನೆಯ ಹಂತದಿಂದ ಶುರುವಾಗುತ್ತವೆ, ನಾಲ್ಕನೆಯದು ಇರುವುದೇ ಇಲ್ಲ. ಘಟ್ಟದ ಒಂದೊಂದು ಚಾರಣಪಥಕ್ಕೂ ಒಬ್ಬ ಸಸ್ಯವಿಜ್ಞಾನಿ, ಊರಿನ ಇಬ್ಬರು ಮಾರ್ಗದರ್ಶಿಗಳು ಮತ್ತು ಒಂದು ಕ್ಯಾಮೆರಾ ಸೇರಿ ಮಳೆಗೆ ಮುಂಚೆ, ಮಳೆಯ ನಡುವೆ, ಮಳೆಯ ನಂತರ ಅವೇ ಜಾಗಗಳನ್ನು ದಾಖಲಿಸಲು ಆರಂಭಿಸಿದರೆ, ಆ ಪಥದ ಒಂದು ವಾಕ್ಯ ಯಾವುದೆಂದು ನಿರ್ಧರಿಸುವ ಆಧಾರ ಸಿಗುತ್ತದೆ. ಸ್ವಯಂಸೇವಕರ ನೇಮಕ ಅದರ ನಂತರದ ಕೆಲಸ.